ಚುಚ್ಚುವ ಅಂಗಿ, ಒಲ್ಲೆನ್ನುವ ಮಗು

ದೀಪಾವಳಿಯ ಬೆಳಗು. ಎಣ್ಣೆಸ್ನಾನ ಮುಗಿದಿದೆ. ದೇವರ ಮುಂದಿಟ್ಟ ಹೊಸ ಬಟ್ಟೆಗಳ ಅಂಚಿಗೆ ಅಜ್ಜಿ ಅರಿಶಿನ ಹಚ್ಚಿ ಒಬ್ಬೊಬ್ಬರಿಗೂ ಕೊಡುತ್ತಿದ್ದಾರೆ. ಮನೆಯ ಮಕ್ಕಳೆಲ್ಲ ಹೊಸ ಬಟ್ಟೆ ತೊಟ್ಟು ಪಟಾಕಿಯ ಕಡೆ ಓಡಿದ್ದಾರೆ. ನಾಲ್ಕು ವರ್ಷದ ಒಂದು ಮಗು ಮಾತ್ರ ಜರಿಯಂಚಿನ ಲಂಗ ಮೈಗೆ ತಗುಲಿದ ಕೂಡಲೇ ಚೀರಲು ಆರಂಭಿಸುತ್ತದೆ. ಕಿತ್ತೆಸೆಯುತ್ತದೆ. ನಿನ್ನೆ ಉಟ್ಟಿದ್ದ ಮಾಸಲು ಫ್ರಾಕನ್ನೇ ಎದೆಗವಚಿಕೊಂಡು ಮೂಲೆಯಲ್ಲಿ ಕೂರುತ್ತದೆ. ಬಂದ ನೆಂಟರು ‘ಮಕ್ಕಳಿಗೆ ಇಷ್ಟೊಂದು ಹಟ ಕಲಿಸಬಾರದಮ್ಮ’ ಎಂದು ಉಪದೇಶಿಸುತ್ತಾರೆ. ತಾಯಿಗೆ ನಾಚಿಕೆ, ಸಿಟ್ಟು, ಸಂಕಟ ಎಲ್ಲವೂ ಒಟ್ಟಿಗೆ.

ಆಟಿಸಂ ಇರುವ ಮಕ್ಕಳ ಮನೆಗಳಲ್ಲಿ ಇಂಥ ದೃಶ್ಯ ಅಪರೂಪವಲ್ಲ. ಸ್ವಲೀನತೆ ಎಂದೂ ಕನ್ನಡದಲ್ಲಿ ಕರೆಯಲಾಗುವ ಈ ಸ್ಥಿತಿ ಹುಟ್ಟಿನೊಂದಿಗೇ ಬರುವಂಥದ್ದು. ಇತರರೊಂದಿಗೆ ಬೆರೆಯುವ, ಮಾತನಾಡುವ ರೀತಿಯಲ್ಲಿ ವ್ಯತ್ಯಾಸ, ಒಂದೇ ಕ್ರಮಕ್ಕೆ ಅಂಟಿಕೊಳ್ಳುವ ಸ್ವಭಾವ ಇದರ ಮುಖ್ಯ ಲಕ್ಷಣಗಳು. ಇದರ ಜತೆಗೆ ಅನೇಕ ಮಕ್ಕಳಲ್ಲಿ ಸ್ಪರ್ಶ, ಶಬ್ದ, ಬೆಳಕು, ರುಚಿಗಳ ಅನುಭವವೇ ಬೇರೆ ಬಗೆಯಾಗಿರುತ್ತದೆ. ಬೇರೆಯವರ ಗಮನಕ್ಕೂ ಬಾರದ ಕಾಲರಿನ ಚೀಟಿ ಇವರ ಕತ್ತಿಗೆ ಉಪ್ಪುಕಾಗದದಂತೆ ತಾಗಬಹುದು. ಹೀಗಿರುವಾಗ ಇಂಥ ಮಗು ಯಾವ ಅಂಗಿ ತೊಡಬೇಕು ಎಂಬುದನ್ನು ಯಾರು ತೀರ್ಮಾನಿಸಬೇಕು? ಮಗುವೇ? ತಾಯಿಯೇ? ಶಾಲೆಯೇ?

ಮೇಲ್ನೋಟಕ್ಕೆ ಇದು ಕಪಾಟಿನ ಮುಂದೆ ನಿಂತು ಮುಗಿಸುವ ಪ್ರಶ್ನೆ. ಆದರೆ ಇದರ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ. ಕಾಡಿನಲ್ಲಿ ಸಿಕ್ಕ ಹುಡುಗ, ವಿಯೆನ್ನಾದ ವೈದ್ಯ, ಬೆತ್ತಲೆ ಮಕ್ಕಳಿಂದ ತುಂಬಿದ್ದ ನ್ಯೂಯಾರ್ಕಿನ ಆಶ್ರಮ, ಚುಚ್ಚುವ ಲಂಗವನ್ನು ಎಂದೂ ಮರೆಯದ ಪ್ರಾಧ್ಯಾಪಕಿ, ಇವರೆಲ್ಲ ಆ ಇತಿಹಾಸದಲ್ಲಿ ಬಂದು ಹೋಗುತ್ತಾರೆ.

ಆವೆರೋನಿನ ಹುಡುಗ

1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಆವೆರೋನ್ ಪ್ರಾಂತ್ಯದ ಸೇಂತ್ ಸೆರ್ನಿನ್ ಎಂಬ ಹಳ್ಳಿಗೆ ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬ ಕಾಡಿನಿಂದ ಬಂದ. ಮಾತಿಲ್ಲ. ಮೈಮೇಲೆ ಚಿಂದಿಯಾದ ಅಂಗಿಯೊಂದರ ಅವಶೇಷ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ಕೊರೆಯುವ ಚಳಿ ಅವನಿಗೆ ಲೆಕ್ಕಕ್ಕೇ ಇರಲಿಲ್ಲ. ತೊಡಿಸಿದ ಬಟ್ಟೆಯನ್ನು ಹರಿದು ಹಾಕುತ್ತಿದ್ದ. ಅವನನ್ನು ಪ್ಯಾರಿಸ್ಸಿನ ಕಿವುಡರ ಸಂಸ್ಥೆಗೆ ಕರೆತಂದರು. ಅಲ್ಲಿ ಝಾನ್ ಇಟಾರ್ ಎಂಬ ತರುಣ ವೈದ್ಯ ಅವನ ಶಿಕ್ಷಣದ ಹೊಣೆ ಹೊತ್ತ. ಹುಡುಗನಿಗೆ ವಿಕ್ಟರ್ ಎಂದು ಹೆಸರಾಯಿತು. ವಿಕ್ಟರನಿಗೆ ಆಟಿಸಂ ಇದ್ದಿರಬಹುದು ಎಂದು ಮನೋವಿಜ್ಞಾನಿ ಊಟಾ ಫ್ರಿತ್ ಮುಂತಾದವರು ಮುಂದೆ ವಾದಿಸಿದ್ದಾರೆ.

ಇಟಾರ್ ಬರೆದ ವರದಿಗಳಲ್ಲಿ ಬಟ್ಟೆಯ ಪ್ರಸಂಗ ಸ್ವಾರಸ್ಯಕರವಾಗಿದೆ. ಒಂದು ಮುಂಜಾನೆ ಹಿಮ ಬೀಳುವುದನ್ನು ಕಂಡ ವಿಕ್ಟರ್ ಹಾಸಿಗೆಯಿಂದೆದ್ದು ಅರೆಬೆತ್ತಲೆಯಾಗಿಯೇ ತೋಟಕ್ಕೆ ಓಡಿದ. ಸಂತೋಷದಿಂದ ಕೂಗುತ್ತ ಹಿಮದಲ್ಲಿ ಹೊರಳಾಡಿದ, ಬೊಗಸೆಯಲ್ಲಿ ಎತ್ತಿ ತಿಂದ. ಚಳಿಯೇ ತಿಳಿಯದವನಿಗೆ ಬಟ್ಟೆಯ ಅಗತ್ಯ ತಿಳಿಯುವುದಾದರೂ ಹೇಗೆ? ಹೀಗೆಂದು ಯೋಚಿಸಿದ ಇಟಾರ್ ದಿನಕ್ಕೆ ಎರಡು ಮೂರು ಗಂಟೆ ಬಿಸಿನೀರಿನ ಸ್ನಾನ ಮಾಡಿಸುವ ಉಪಾಯ ಹೂಡಿದ. ಕೆಲಕಾಲದ ಬಳಿಕ ಹುಡುಗನ ಮೈ ಚಳಿಯನ್ನು ಗುರುತಿಸತೊಡಗಿತು. ಆಮೇಲೆ ಇಟಾರ್ ಮಾಡಿದ್ದು ಇಷ್ಟೇ: ಬೆಳಿಗ್ಗೆ ಅವನನ್ನು ಚಳಿಯಲ್ಲಿಯೇ ಬಿಟ್ಟು, ಕೈಗೆಟಕುವಷ್ಟು ದೂರದಲ್ಲಿ ಬಟ್ಟೆ ಇಡುವುದು. ಕೆಲವೇ ದಿನಗಳಲ್ಲಿ ವಿಕ್ಟರ್ ತಾನಾಗಿ ಬಟ್ಟೆ ತೊಡುವುದನ್ನು ಕಲಿತ.

ಇಂದಿನ ಕಣ್ಣಿಗೆ ಈ ವಿಧಾನ ಕಠೋರವೆನಿಸಬಹುದು. ಆದರೂ ಇಟಾರನ ತರ್ಕದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಗು ಬಟ್ಟೆಯನ್ನು ಏಕೆ ತಿರಸ್ಕರಿಸುತ್ತದೆ ಎಂಬುದಕ್ಕೆ ಆತ ಉತ್ತರ ಹುಡುಕಿದ್ದು ಮಗುವಿನ ಚರ್ಮದಲ್ಲಿ. ಹಟ, ದುಷ್ಟತನ, ಮೊಂಡುತನಗಳ ಮಾತೇ ಅವನ ವಿವರಣೆಯಲ್ಲಿ ಬರಲಿಲ್ಲ. ಮುಂದಿನ ಒಂದೂವರೆ ಶತಮಾನ ಈ ದಾರಿ ಹೆಚ್ಚುಕಡಿಮೆ ಮರೆತೇ ಹೋಯಿತು.

ಗುಂಡಿ ಹಾಕುವ ಚೌಕಟ್ಟು

ಇಟಾರನ ಶಿಷ್ಯ ಎದುವಾರ್ ಸೆಗ್ಯಾಂ ಗುರುವಿನ ಕೆಲಸವನ್ನು ಮುಂದುವರಿಸಿ ಅಮೆರಿಕಕ್ಕೆ ಹೋದ. ಇವರಿಬ್ಬರ ಬರಹಗಳನ್ನು ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ ತಮ್ಮ ಕೈಯಾರೆ ಅನುವಾದಿಸಿ, ನಕಲು ಮಾಡಿಕೊಂಡು ಅಭ್ಯಾಸ ಮಾಡಿದರು. ಬುದ್ಧಿಶಕ್ತಿ ಕಡಿಮೆಯೆಂದು ಸಮಾಜ ಬದಿಗಿಟ್ಟಿದ್ದ ಮಕ್ಕಳೊಂದಿಗೆ ಕೆಲಸ ಮಾಡಿದ ಅನುಭವ ಅವರಿಗಿತ್ತು. 1907ರಲ್ಲಿ ಅವರು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ‘ಮಕ್ಕಳ ಮನೆ’ಯಿಂದ ಹೊಸ ಶಿಕ್ಷಣ ಕ್ರಮವೊಂದು ಜಗತ್ತಿಗೆ ಹಬ್ಬಿತು. 1939ರಲ್ಲಿ ಮಾಂಟೆಸೊರಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ವರ್ಷಗಟ್ಟಲೆ ಭಾರತದಲ್ಲಿಯೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದ್ದರಿಂದ ನಮ್ಮ ಊರುಗಳಿಗೂ ಆ ಹೆಸರು ಪರಿಚಿತವಾಯಿತು.

ಮಾಂಟೆಸೊರಿ ಶಾಲೆಗೆ ಹೋದವರಿಗೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ತುಂಡುಗಳು ನೆನಪಿರಬಹುದು. ಒಂದರಲ್ಲಿ ಗುಂಡಿ, ಇನ್ನೊಂದರಲ್ಲಿ ಹುಕ್ಕು, ಮತ್ತೊಂದರಲ್ಲಿ ಲಾಡಿ, ಮಗದೊಂದರಲ್ಲಿ ಬೂಟಿನ ದಾರ. ಮಗು ಅವುಗಳನ್ನು ಹಾಕಿ ತೆಗೆದು ಅಭ್ಯಾಸ ಮಾಡಿ, ಕೊನೆಗೆ ತನ್ನ ಬಟ್ಟೆಯನ್ನು ತಾನೇ ತೊಡಲು ಕಲಿಯುತ್ತದೆ. ಮಗುವಿಗೆ ಬಟ್ಟೆ ತೊಡಿಸಿ ಗೊಂಬೆಯಂತೆ ಕೂರಿಸುವುದು ಸಹಾಯವಲ್ಲ, ಅದು ಮಗುವಿನ ಕೈ ಕಟ್ಟಿಹಾಕುವ ಕೆಲಸ ಎಂಬುದು ಮಾಂಟೆಸೊರಿಯವರ ನಿಲುವಾಗಿತ್ತು. ಕಪಾಟಿನಲ್ಲಿಟ್ಟ ಸಾಮಗ್ರಿಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಎಂಬ ಆಯ್ಕೆಯನ್ನೂ ಅವರು ಮಗುವಿಗೇ ಬಿಟ್ಟರು. ಆದರೆ ಕಪಾಟಿನಲ್ಲಿ ಏನಿರಬೇಕು ಎಂಬುದನ್ನು ಶಿಕ್ಷಕಿ ಮೊದಲೇ ನಿರ್ಧರಿಸಿರುತ್ತಿದ್ದಳು. ಈ ಮಿತಿಯೊಳಗಿನ ಸ್ವಾತಂತ್ರ್ಯದ ಸೂತ್ರವೇ ಮುಂದೆ ಬಟ್ಟೆಯ ವಿಷಯದಲ್ಲೂ ಉಪಯೋಗಕ್ಕೆ ಬಂದದ್ದು.

ಇಬ್ಬರು ವೈದ್ಯರು, ಒಂದು ಕಾಲ್ಚೀಲ

ಆಟಿಸಂ ಎಂಬ ಹೆಸರಿನಲ್ಲಿ ಮಕ್ಕಳ ಸ್ಥಿತಿಯೊಂದನ್ನು ವೈದ್ಯಲೋಕ ಗುರುತಿಸಿದ್ದು 1940ರ ದಶಕದಲ್ಲಿ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಎಂಟು ಗಂಡು, ಮೂರು ಹೆಣ್ಣು. ಅವರಲ್ಲಿ ಮೊದಲನೆಯವನು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಊರಿನ ಡೊನಾಲ್ಡ್ ಟ್ರಿಪ್ಲೆಟ್. ಅವನ ತಂದೆ ವೈದ್ಯರಿಗೆ ಬರೆದ ಪತ್ರ ಮೂವತ್ತಮೂರು ಪುಟಗಳಷ್ಟಿತ್ತು. ಬೂಟು ಬಿಚ್ಚಬೇಕೆಂದು ತಾಯಿಗೆ ಹೇಳಬೇಕಾದಾಗ ಡೊನಾಲ್ಡ್ ‘ನನ್ನ ಬೂಟು’ ಎನ್ನುತ್ತಿರಲಿಲ್ಲ. ತಾಯಿ ತನಗೆ ಹೇಳುವ ಮಾತನ್ನೇ ತಿರುಗಿಸಿ ‘ನಿನ್ನ ಬೂಟು’ ಎನ್ನುತ್ತಿದ್ದ. ಇದೇ ಡೊನಾಲ್ಡ್ ಮುಂದೆ ಕಾಲೇಜು ಓದಿ, ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶ ವಿದೇಶ ಸುತ್ತಿ, 2023ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಮಕ್ಕಳಲ್ಲಿ ಎಲ್ಲವೂ ಇದ್ದಹಾಗೆಯೇ ಇರಬೇಕೆಂಬ ತೀವ್ರ ಬಯಕೆಯಿದೆ ಎಂಬುದನ್ನು ಕ್ಯಾನರ್ ಗುರುತಿಸಿದರು. ದಿನವೂ ಅದೇ ಅಂಗಿ ಬೇಕೆನ್ನುವ ಮಗುವಿನ ತಾಯಂದಿರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಸಾಗರದಾಚೆ, ವಿಯೆನ್ನಾದ ಮಕ್ಕಳ ಆಸ್ಪತ್ರೆಯಲ್ಲಿ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯರು ಇದೇ ಬಗೆಯ ಹುಡುಗರನ್ನು ಗಮನಿಸುತ್ತಿದ್ದರು. 1944ರಲ್ಲಿ ಪ್ರಕಟವಾದ ಅವರ ಜರ್ಮನ್ ಪ್ರಬಂಧದಲ್ಲಿ ಬಟ್ಟೆಯ ಬಗ್ಗೆ ನೇರವಾದ ಮಾತಿದೆ. ಈ ಮಕ್ಕಳಲ್ಲಿ ಅನೇಕರಿಗೆ ಮಖಮಲ್ಲು, ರೇಷ್ಮೆ, ಹತ್ತಿಯುಂಡೆ, ಸೀಮೆಸುಣ್ಣದ ಸ್ಪರ್ಶ ಆಗದು; ಹೊಸ ಅಂಗಿಯ ಒರಟುತನವನ್ನಾಗಲಿ, ಹೊಲಿಗೆ ಹಾಕಿ ಸರಿಪಡಿಸಿದ ಕಾಲ್ಚೀಲವನ್ನಾಗಲಿ ಅವರು ಸಹಿಸಲಾರರು ಎಂದು ಅವರು ದಾಖಲಿಸಿದರು. ಉಗುರು ಕತ್ತರಿಸುವುದೂ ರಂಪಕ್ಕೆ ಕಾರಣವಾಗುತ್ತದೆ ಎಂಬುದನ್ನೂ ಕಂಡರು. ಯುದ್ಧಕಾಲದ ವಿಯೆನ್ನಾದಲ್ಲಿ ಹರಿದ ಕಾಲ್ಚೀಲಕ್ಕೆ ಹೊಲಿಗೆ ಹಾಕುವುದು ಮನೆಮನೆಯ ಕೆಲಸವಾಗಿದ್ದಿರಬೇಕು. ಆ ಹೊಲಿಗೆಯ ಸಣ್ಣ ಗಂಟು ಮಗುವಿನ ಪಾದಕ್ಕೆ ಮುಳ್ಳಾಗುವುದನ್ನು ವೈದ್ಯರೊಬ್ಬರು ಕಂಡು ಬರೆದಿಟ್ಟರು.

ಆಸ್ಪರ್ಗರ್ ಅವರ ಹೆಸರಿಗೆ ಕಪ್ಪು ಚುಕ್ಕೆಯೂ ಇದೆ. ನಾಜಿ ಆಳ್ವಿಕೆಯಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಸ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಅವರು ಮಕ್ಕಳನ್ನು ಕಳುಹಿಸಿದ್ದನ್ನು ಇತಿಹಾಸಕಾರ ಹರ್ವಿಗ್ ಚೆಕ್ 2018ರಲ್ಲಿ ದಾಖಲೆಗಳೊಂದಿಗೆ ಬಯಲಿಗೆಳೆದರು. ಮಗುವಿನ ಕಾಲ್ಚೀಲದ ಗಂಟನ್ನೂ ಗಮನಿಸಿದ ಕಣ್ಣೇ ಇನ್ನು ಕೆಲವು ಮಕ್ಕಳ ಪಾಲಿಗೆ ಮುಚ್ಚಿಕೊಂಡಿತ್ತು.

ಆ ಪ್ರಬಂಧ ಇಂಗ್ಲಿಷ್ ಓದುಗರನ್ನು ತಲುಪಲು ಬಹಳ ಕಾಲ ಹಿಡಿಯಿತು. 1981ರಲ್ಲಿ ಬ್ರಿಟನ್ನಿನ ಮನೋವೈದ್ಯೆ, ಆಟಿಸಂ ಇದ್ದ ಮಗಳ ತಾಯಿಯೂ ಆಗಿದ್ದ ಲೋರ್ನಾ ವಿಂಗ್ ಅದರತ್ತ ಗಮನ ಸೆಳೆದರು. ಊಟಾ ಫ್ರಿತ್ ಮಾಡಿದ ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1991ರಲ್ಲಿ. ಅಷ್ಟರಲ್ಲಿ 47 ವರ್ಷಗಳು ಕಳೆದಿದ್ದವು.

ತಾಯಂದಿರ ಮೇಲೆ ತಪ್ಪು

ಆ ನಡುವಿನ ವರ್ಷಗಳಲ್ಲಿ ನಡೆದದ್ದೇನು? ಮಗು ಹೀಗಾಗಲು ತಾಯಿಯ ಪ್ರೀತಿಯ ಕೊರತೆಯೇ ಕಾರಣ ಎಂಬ ವಾದ ಪ್ರಬಲವಾಯಿತು. ಕ್ಯಾನರ್ ಅವರೇ ತಂದೆತಾಯಿಯರ ತಣ್ಣನೆಯ ಸ್ವಭಾವದ ಬಗ್ಗೆ ಮಾತನಾಡಿದ್ದರು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ತುತ್ತತುದಿಗೆ ಕೊಂಡೊಯ್ದರು. ಮಂಜುಗಡ್ಡೆಯ ಪೆಟ್ಟಿಗೆಯಂಥ ತಾಯಿ ಎಂಬ ಬಿರುದು ಅಮೆರಿಕದ ಸಾವಿರಾರು ಹೆಂಗಸರಿಗೆ ಅಂಟಿತು. ಮಗು ಅಂಗಿ ಕಿತ್ತೆಸೆದರೆ ಅದು ತಾಯಿಯನ್ನು ತಿರಸ್ಕರಿಸಿದಂತೆ ಎಂದು ಅರ್ಥ ಹಚ್ಚುವ ಕಾಲದಲ್ಲಿ ಅಂಗಿಯ ಬಟ್ಟೆ ಯಾವುದು, ಹೊಲಿಗೆ ಎಲ್ಲಿ ಚುಚ್ಚುತ್ತಿದೆ ಎಂದು ನೋಡುವವರು ಯಾರು?

ಇದನ್ನು ಎದುರಿಸಿ ನಿಂತವರು ತಂದೆತಾಯಿಗಳೇ. ಅಮೆರಿಕದ ನೌಕಾಪಡೆಯಲ್ಲಿ ಮನೋವಿಜ್ಞಾನಿಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಅವರ ಮಗನಿಗೆ ಆಟಿಸಂ ಇತ್ತು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ, ತಾಯಿಯ ತಪ್ಪಲ್ಲ ಎಂದು ಅವರು 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಾಧಾರವಾಗಿ ವಾದಿಸಿದರು. 1969ರಲ್ಲಿ ಕ್ಯಾನರ್ ಅವರೂ ಪಾಲಕರ ಸಭೆಯೊಂದರಲ್ಲಿ ನಿಂತು ಅವರನ್ನು ದೋಷಮುಕ್ತರೆಂದು ಸಾರಿದರು.

ಮನೆಯಲ್ಲಿ ಸಾಕಲಾಗದೆ ಸಂಸ್ಥೆಗಳ ಪಾಲಾದ ಮಕ್ಕಳ ಕಥೆ ಇನ್ನೂ ದಾರುಣ. ಆಶ್ರಮ, ಆಸ್ಪತ್ರೆ, ಸೆರೆಮನೆಗಳಂಥ ಮುಚ್ಚಿದ ಸಂಸ್ಥೆಗಳನ್ನು ಅಭ್ಯಾಸ ಮಾಡಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಒಂದು ಮಾತು ಎತ್ತಿ ತೋರಿಸಿದರು: ಒಳಗೆ ಬಂದವನ ಸ್ವಂತ ಬಟ್ಟೆಯನ್ನು ಕಿತ್ತುಕೊಳ್ಳುವುದರಿಂದಲೇ ಅವನ ಸ್ವಂತಿಕೆಯನ್ನು ಕಳೆಯುವ ಕೆಲಸ ಆರಂಭವಾಗುತ್ತದೆ. ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿದ್ದ ವಿಲೋಬ್ರುಕ್ ಸಂಸ್ಥೆ ಇದಕ್ಕೆ ಘೋರ ನಿದರ್ಶನ. ನಾಲ್ಕು ಸಾವಿರ ಮಂದಿಗಾಗಿ ಕಟ್ಟಿದ್ದ ಅಲ್ಲಿ 1960ರ ದಶಕದ ನಡುವಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ತುಂಬಲಾಗಿತ್ತು. 1972ರ ಜನವರಿಯಲ್ಲಿ ಜೆರಾಲ್ಡೋ ರಿವೇರಾ ಎಂಬ ತರುಣ ವರದಿಗಾರ ಕ್ಯಾಮೆರಾದೊಂದಿಗೆ ಒಳಹೊಕ್ಕಾಗ ಟೆಲಿವಿಷನ್ ವೀಕ್ಷಕರು ಕಂಡದ್ದು ಕತ್ತಲ ಕೋಣೆಗಳಲ್ಲಿ ಬೆತ್ತಲೆಯಾಗಿ, ಅರೆಬೆತ್ತಲೆಯಾಗಿ ನೆಲದ ಮೇಲೆ ಬಿದ್ದಿದ್ದ ಮಕ್ಕಳನ್ನು. ಹೋರಾಟ, ನ್ಯಾಯಾಲಯದ ಆದೇಶಗಳ ಬಳಿಕ 1987ರಲ್ಲಿ ವಿಲೋಬ್ರುಕ್ ಬಾಗಿಲು ಮುಚ್ಚಿತು.

ಕಲಿಸುವುದೇ, ಕೇಳುವುದೇ?

1960ರ ದಶಕದಿಂದ ಎರಡು ಪ್ರವಾಹಗಳು ಅಕ್ಕಪಕ್ಕದಲ್ಲಿ ಹರಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇವಾರ್ ಲೋವಾಸ್, ಆಟಿಸಂ ಇರುವ ಮಕ್ಕಳಿಗೂ ಕಲಿಸಲು ಸಾಧ್ಯ ಎಂದು ತೋರಿಸಿದರು. ಅಂಗಿ ತೊಡುವಂಥ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದು ಹೆಜ್ಜೆಗೂ ಬಹುಮಾನ ಕೊಟ್ಟು ಕಲಿಸುವ ಕ್ರಮ ಇದು. ಕಲಿಯಲಾರರೆಂದು ಕೈಬಿಟ್ಟಿದ್ದ ಮಕ್ಕಳಿಗೆ ಇದರಿಂದ ಉಪಕಾರವಾಯಿತೆಂಬುದು ನಿಜ. ಆದರೆ ಆರಂಭದ ವರ್ಷಗಳಲ್ಲಿ ಗದರಿಕೆ, ಏಟುಗಳೂ ಈ ಕ್ರಮದ ಭಾಗವಾಗಿದ್ದವು ಎಂಬುದೂ ನಿಜ. ಇಲ್ಲಿ ಪ್ರಶ್ನೆ ಮಗು ಅಂಗಿ ತೊಡುತ್ತದೆಯೇ ಎಂಬುದಷ್ಟೇ ಆಗಿತ್ತು. ಆ ಅಂಗಿ ಮಗುವಿಗೆ ಹಿತವೇ ಎಂದು ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಪ್ರವಾಹ ಅದೇ ಕ್ಯಾಲಿಫೋರ್ನಿಯಾದ ಜೀನ್ ಏರ್ಸ್ ಎಂಬ ಚಿಕಿತ್ಸಕಿಯದು. ಕೆಲವು ಮಕ್ಕಳು ಸಾಮಾನ್ಯ ಸ್ಪರ್ಶಕ್ಕೂ ಅಪಾಯ ಬಂದಂತೆ ಬೆಚ್ಚಿ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಅವರು ಗಮನಿಸಿ, ಅದಕ್ಕೊಂದು ಹೆಸರು ಕೊಟ್ಟು ವಿವರಿಸಿದರು. ಕಣ್ಣು, ಕಿವಿ, ಚರ್ಮ, ಕೀಲುಗಳಿಂದ ಬರುವ ಸುದ್ದಿಯನ್ನೆಲ್ಲ ಮಿದುಳು ಜೋಡಿಸಿಕೊಳ್ಳುವ ಬಗೆಯ ಕುರಿತು 1972ರಲ್ಲಿ ಪುಸ್ತಕ ಬರೆದರು. ಅವರ ಚಿಕಿತ್ಸಾಕ್ರಮದ ಫಲದ ಬಗ್ಗೆ ತಜ್ಞರಲ್ಲಿ ವಾದವಿವಾದ ಬಹುಕಾಲ ನಡೆದಿದೆ. ಆದರೆ ‘ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜಕ್ಕೂ ನೋವಾಗುತ್ತಿದೆ’ ಎಂಬ ಅರಿವು ತಾಯಂದಿರನ್ನು ತಲುಪಿದ್ದರಲ್ಲಿ ಅವರ ಪಾಲು ದೊಡ್ಡದು.

ಇದೇ ಹೊತ್ತಿಗೆ ಸ್ವೀಡನ್ನಿನಿಂದ ಮೂರನೆಯ ದನಿಯೊಂದು ಕೇಳಿಬಂತು. ಬುದ್ಧಿಶಕ್ತಿಯಲ್ಲಿ ಹಿಂದುಳಿದವರೂ ಉಳಿದ ನಾಗರಿಕರಂತೆಯೇ ದಿನ ಕಳೆಯಬೇಕು, ಅವರ ಬೇಕು ಬೇಡಗಳಿಗೆ ಬೆಲೆ ಸಿಗಬೇಕು ಎಂದು ಬೆಂಗ್ಟ್ ನಿರ್ಯೆ 1969ರಲ್ಲಿ ಪ್ರತಿಪಾದಿಸಿದರು. ಯಾವಾಗ ಏಳಬೇಕು, ಏನು ತಿನ್ನಬೇಕು, ಏನು ತೊಡಬೇಕು ಎಂಬ ದಿನನಿತ್ಯದ ತೀರ್ಮಾನಗಳು ಹೀಗೆ ಹಕ್ಕಿನ ಪ್ರಶ್ನೆಗಳಾದವು.

ಹಾಗಾದರೆ ಕಲಿಸುವುದಕ್ಕೂ ಕೇಳುವುದಕ್ಕೂ ವಿರೋಧವಿದೆಯೇ? 1990ರಲ್ಲಿ ವರ್ತನಾ ವಿಜ್ಞಾನದ ಅಮೆರಿಕನ್ ಪತ್ರಿಕೆಯೊಂದರಲ್ಲಿ ಪ್ರಕಟವಾದ ಎರಡು ಲೇಖನಗಳು ಈ ಪ್ರಶ್ನೆಯನ್ನು ಎರಡು ಕಡೆಯಿಂದ ಹಿಡಿದವು. ಒಂದು, ಹೆಚ್ಚು ಡೋನಟ್ ತಿನ್ನುವ, ಹಗಲಲ್ಲಿ ಒಂದು ನಿದ್ದೆ ತೆಗೆಯುವ ಹಕ್ಕು ಇವರಿಗೂ ಇಲ್ಲವೇ ಎಂದು ತನ್ನ ಶೀರ್ಷಿಕೆಯಲ್ಲಿಯೇ ಕೆಣಕಿತು. ಕಲಿಸುವವರ ಉತ್ಸಾಹದಲ್ಲಿ ಕಲಿಯುವವರ ಸ್ವಾತಂತ್ರ್ಯ ನುಚ್ಚುನೂರಾಗಬಾರದು ಎಂಬುದು ಅದರ ತಿರುಳು. ಇನ್ನೊಂದು ಪ್ರಯೋಗದ ವರದಿ. ತೀವ್ರ ತೊಂದರೆಯಿದ್ದ ಮಕ್ಕಳಿಗೆ ಕೆಲಸವನ್ನೂ ಬಹುಮಾನವನ್ನೂ ತಾವೇ ಆರಿಸಿಕೊಳ್ಳಲು ಬಿಟ್ಟಾಗ ಹೊಡೆಯುವುದು, ಎಸೆಯುವುದು ಮುಂತಾದ ವರ್ತನೆ ಇಳಿಯಿತು; ಶಿಕ್ಷಕರೇ ಆರಿಸಿ ಕೊಟ್ಟಾಗ ಏರಿತು. ಆಯ್ಕೆ ಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ನಂಬಿಕೆಗೆ ಇದು ತಕ್ಕ ಉತ್ತರವಾಗಿತ್ತು.

ಭಾನುವಾರದ ಲಂಗ

ಇಷ್ಟೆಲ್ಲ ಆದರೂ ಈವರೆಗಿನ ಮಾತೆಲ್ಲ ಹೊರಗಿನಿಂದ ನೋಡಿದವರದು. ಒಳಗಿನ ಮಾತು ಕೇಳಿಬಂದದ್ದು 1986ರಲ್ಲಿ, ಟೆಂಪಲ್ ಗ್ರಾಂಡಿನ್ ತಮ್ಮ ಆತ್ಮಕಥೆ ಪ್ರಕಟಿಸಿದಾಗ. 1947ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಅವರಿಗೆ ಮೂರೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಮುಂದೆ ಅವರು ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳು ಬೆದರದಂತೆ ಸಾಗುವ ದೊಡ್ಡಿ, ಓಣಿಗಳನ್ನು ವಿನ್ಯಾಸಗೊಳಿಸಿ ಹೆಸರಾದರು.

ಬಾಲ್ಯದಲ್ಲಿ ಭಾನುವಾರ ಚರ್ಚಿಗೆ ಹೋಗುವಾಗ ತಾನು ರಂಪ ಮಾಡುತ್ತಿದ್ದುದಕ್ಕೆ ಕಾರಣ ಒಳಲಂಗ ಎಂದು ಗ್ರಾಂಡಿನ್ ಬರೆದಿದ್ದಾರೆ. ಅದು ಮೈಯನ್ನು ಉಜ್ಜಿ ಉರಿಸುತ್ತಿತ್ತು. ವಾರವಿಡೀ ತೊಡುವ ಬಟ್ಟೆಯ ಸ್ಪರ್ಶವೇ ಬೇರೆ, ಭಾನುವಾರದ ಬಟ್ಟೆಯ ಸ್ಪರ್ಶವೇ ಬೇರೆ. ಬಹುತೇಕ ಜನ ಹೊಸ ಬಟ್ಟೆಗೆ ಕೆಲವೇ ನಿಮಿಷಗಳಲ್ಲಿ ಹೊಂದಿಕೊಳ್ಳುತ್ತಾರೆ. ತಮಗೆ ಹೊಸ ಒಳಉಡುಪು ಒಗ್ಗಲು ದೊಡ್ಡವಳಾದ ಮೇಲೂ ಮೂರು ನಾಲ್ಕು ದಿನ ಬೇಕೆಂದು ಅವರು ವಿವರಿಸುತ್ತಾರೆ. ಬಟ್ಟೆಯಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿದ್ದರೆ ಚರ್ಚಿನ ರಂಪಗಳೇ ಇರುತ್ತಿರಲಿಲ್ಲ ಎಂಬುದು ಅವರ ಅಭಿಪ್ರಾಯ.

ಸೋಜಿಗವೆಂದರೆ ಇದೇ ಗ್ರಾಂಡಿನ್ ಅವರಿಗೆ ಬಿಗಿಯಾದ ಒತ್ತಡ ಬೇಕಾಗಿತ್ತು. ಅರಿಜೋನಾದಲ್ಲಿ ಚಿಕ್ಕಮ್ಮನ ದನದ ಹಟ್ಟಿಯಲ್ಲಿ, ಚುಚ್ಚುಮದ್ದು ಕೊಡುವಾಗ ದನವನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುವ ಚೌಕಟ್ಟನ್ನು ಕಂಡು, ಅಂಥದ್ದೇ ಒಂದನ್ನು ತಮಗಾಗಿ ಮಾಡಿಕೊಂಡರು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಸನ್ನೆಕೋಲು ಅವರ ಕೈಯಲ್ಲೇ ಇತ್ತು. ಬೇರೆಯವರು ಬಲವಂತವಾಗಿ ಅಪ್ಪಿದರೆ ಹಿಂಸೆ, ತಾನೇ ಆರಿಸಿದ ಒತ್ತಡದಲ್ಲಿ ನೆಮ್ಮದಿ. ಒಂದು ಮಗು ಸಡಿಲ ಹತ್ತಿಯಂಗಿಯನ್ನೇ ಬೇಡುವುದು, ಇನ್ನೊಂದು ಬಿಗಿಯಾದ ಬನಿಯನ್ನನ್ನೇ ಹುಡುಕುವುದು ಏಕೆ ಎಂಬುದಕ್ಕೆ ಇಲ್ಲಿ ಸುಳಿವಿದೆ. ಯಾವ ಅಂಗಿ ಒಳ್ಳೆಯದು ಎಂಬುದಕ್ಕೆ ಸಾರ್ವತ್ರಿಕ ಪಟ್ಟಿ ಇಲ್ಲ. ಮಗುವನ್ನೇ ಕೇಳಬೇಕು.

ಕಾನೂನಿನ ಪುಟಕ್ಕೆ

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಹೊರಬಂದಾಗ, ಸ್ಪರ್ಶ, ಶಬ್ದ ಇತ್ಯಾದಿಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಪ್ರತಿಕ್ರಿಯಿಸುವುದು ಆಟಿಸಂ ಗುರುತಿಸುವ ಅಳತೆಗೋಲುಗಳಲ್ಲಿ ಒಂದಾಯಿತು. ಹೊಲಿಗೆ ಹಾಕಿದ ಕಾಲ್ಚೀಲದ ಬಗ್ಗೆ ಆಸ್ಪರ್ಗರ್ ಬರೆದು ಆಗ ಸುಮಾರು ಎಪ್ಪತ್ತು ವರ್ಷವಾಗಿತ್ತು. ಅಂಗಡಿಗಳೂ ಎಚ್ಚತ್ತವು. 2017ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳು ಚೀಟಿಯಿಲ್ಲದ, ಚಪ್ಪಟೆ ಹೊಲಿಗೆಯ ಮಕ್ಕಳ ಉಡುಪನ್ನು ಇಂಥವರಿಗಾಗಿಯೇ ಮಾರಾಟಕ್ಕಿಟ್ಟವು.

ಮಗುವಿಗೂ ಅಭಿಪ್ರಾಯವಿದೆ, ಅದಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಮಾತಿಗೆ ತೂಕವಿರಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಆದರೆ ನಮ್ಮ 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. ಪಾಲಕರ ಒತ್ತಾಯದ ಫಲವಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅದರ ಹೆಸರು ಸೇರಿತು. 2016ರ ಕಾಯಿದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಅದೂ ಒಂದಾಯಿತು. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಯನ್ನು ಶಾಲೆಗಳು ಮಾಡಿಕೊಡಬೇಕೆಂದೂ ಅದು ವಿಧಿಸುತ್ತದೆ.

ಶಾಲಾ ಸಮವಸ್ತ್ರದ ಪ್ರಶ್ನೆ ಇಲ್ಲಿಯೇ ಬರುತ್ತದೆ. ಟೆರಿಕಾಟ್ ಅಂಗಿ, ಕುತ್ತಿಗೆಗೆ ಟೈ, ನೈಲಾನ್ ಕಾಲ್ಚೀಲ, ಬಿಗಿಯಾದ ಬೂಟು: ಬೇಸಿಗೆಯ ರಾಯಚೂರಿನಲ್ಲಿ ಯಾವ ಮಗುವಿಗೂ ಇದು ಹಿತವಲ್ಲ. ಆಟಿಸಂ ಇರುವ ಮಗುವಿಗಂತೂ ಪಾಠಕ್ಕೆ ಕೊಡಬೇಕಾದ ಗಮನವೆಲ್ಲ ಕತ್ತಿನ ತುರಿಕೆಗೇ ಹೋಗಿಬಿಡುತ್ತದೆ. ಅದೇ ಬಣ್ಣದ ಹತ್ತಿ ಬಟ್ಟೆಯಲ್ಲಿ ಅಂಗಿ ಹೊಲಿಸಲು, ಟೈ ಬಿಡಲು ಒಪ್ಪಿಗೆ ಕೊಟ್ಟರೆ ಶಾಲೆಯ ಶಿಸ್ತಿಗೆ ಧಕ್ಕೆಯಾಗದು. ದರ್ಜಿಗೆ ಒಂದು ಮಾತು ಹೇಳಿದರೆ ಮುಗಿಯುವ ಕೆಲಸ ಅದು.

ಎರಡು ಅಂಗಿಗಳ ಸೂತ್ರ

ಹಾಗೆಂದು ಕಪಾಟನ್ನೇ ತೆರೆದು ಮಗುವಿನ ಮುಂದೆ ನಿಲ್ಲಿಸುವುದು ಆಯ್ಕೆಯಲ್ಲ. ಇಪ್ಪತ್ತು ಅಂಗಿ ಕಂಡ ಮಗು ಗಲಿಬಿಲಿಗೊಂಡು ಅಳಬಹುದು. ತಾಯಿ ಹವೆಗೆ, ಸಂದರ್ಭಕ್ಕೆ ಒಪ್ಪುವ ಎರಡನ್ನು ಎತ್ತಿ ಹಿಡಿದು ‘ಇದೋ, ಅದೋ?’ ಎಂದು ಕೇಳಿದರೆ ಸಾಕು. ಬಟ್ಟೆ ತೊಡುವುದೋ ಬಿಡುವುದೋ ಎಂಬುದು ಚರ್ಚೆಯ ವಿಷಯವಲ್ಲ, ಯಾವುದನ್ನು ತೊಡುವುದು ಎಂಬುದಷ್ಟೇ ಮಗುವಿಗೆ ಬಿಟ್ಟದ್ದು. ಮಾಂಟೆಸೊರಿಯವರ ಕಪಾಟಿನ ಸೂತ್ರವೇ ಇದು. ಮಾತು ಬಾರದ ಮಗು ಬೆರಳು ತೋರಿಸಬಹುದು, ಮುಟ್ಟಬಹುದು, ಅಂಗಿಯ ಚಿತ್ರವನ್ನು ಎತ್ತಿ ಕೊಡಬಹುದು. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ, ಚಿತ್ರ ಕೊಟ್ಟು ವಸ್ತು ಪಡೆಯುವ ಕ್ರಮ ಈಗ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ. ‘ಬೇಡ’ ಎಂದು ಹೇಳಲು ಬರುವುದೂ ದೊಡ್ಡ ಕಲಿಕೆಯೇ. ಅಂಗಿ ಬೇಡವೆಂದು ಸೂಚಿಸಿದಾಗ ಅದಕ್ಕೆ ಬೆಲೆ ಸಿಕ್ಕ ಮಗುವಿಗೆ, ಮುಂದೊಂದು ದಿನ ಹೊರಗಿನವರ ಅಹಿತಕರ ಸ್ಪರ್ಶವನ್ನು ಬೇಡವೆನ್ನುವ ಧೈರ್ಯವೂ ಬರುತ್ತದೆ.

ತೊಡಕುಗಳಿಲ್ಲದಿಲ್ಲ. ದಿನವೂ ಅದೇ ನೀಲಿ ಅಂಗಿ ಬೇಕೆನ್ನುವ ಮಗುವಿಗೆ ಒಂದೇ ಬಗೆಯ ನಾಲ್ಕು ಅಂಗಿ ತರುವವರಿದ್ದಾರೆ. ಮಗು ಬೆಳೆದಂತೆ ಅಳತೆ ಬದಲಾಗುವುದರಿಂದ ಮುಂದಿನ ಅಳತೆಯದ್ದನ್ನೂ ಈಗಲೇ ಕೊಂಡಿಡುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಬಿಚ್ಚಲು ಒಪ್ಪದ ಮಗುವಿನ ವಿಷಯ ಬೇರೆ. ವಿಕ್ಟರನಿಗೆ ಚಳಿ ತಿಳಿಯದಂತೆ ಕೆಲವು ಮಕ್ಕಳಿಗೆ ಸೆಕೆ ತಿಳಿಯದು. ಅಂಥಲ್ಲಿ ದೊಡ್ಡವರು ಮಧ್ಯೆ ಬರಲೇಬೇಕು. ಆದರೆ ಅದೇ ಬಿಗಿ ಕೊಡುವ ತೆಳು ಹತ್ತಿ ಬನಿಯನ್ ಸಿಗುವುದೇ ಎಂದು ಹುಡುಕಿ ನೋಡಬೇಕು. ಆಟಿಸಂ ಇರುವ ಎಲ್ಲ ಮಕ್ಕಳಿಗೂ ಬಟ್ಟೆಯ ತೊಂದರೆ ಇರುವುದಿಲ್ಲ. ಅಂಗಿಯ ಆಯ್ಕೆಯಿಂದ ಆಟಿಸಂ ಹೋಗಿಬಿಡುವುದೂ ಇಲ್ಲ. ಮುಂಜಾನೆಯ ಒಂದು ಜಗಳ ಕಡಿಮೆಯಾಗುತ್ತದೆ, ಅಷ್ಟೇ. ಅದನ್ನು ದಿನವೂ ಅನುಭವಿಸಿದ ಮನೆಗಳಿಗೆ ಮಾತ್ರ ಆ ‘ಅಷ್ಟೇ’ಯ ಬೆಲೆ ಗೊತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮಗುವನ್ನು ತೋರಿಸಿ ಸಲಹೆ ಪಡೆಯುವ ಅವಕಾಶ ನಮ್ಮ ರಾಜ್ಯದವರಿಗಿದೆ.

ನಮ್ಮ ಮನೆಗಳಿಗೆ ಈ ತಿಳಿವಳಿಕೆ ಪೂರ್ತಿ ಹೊಸದೇನಲ್ಲ. ಎಳೆಗೂಸಿಗೆ ಹೊಸ ಬಟ್ಟೆ ತೊಡಿಸದೆ, ಅಜ್ಜನ ಹಳೆಯ ಪಂಚೆಯನ್ನೋ ಅಜ್ಜಿಯ ನವೆದ ನೂಲಿನ ಸೀರೆಯನ್ನೋ ಹರಿದು ಸುತ್ತುವ ವಾಡಿಕೆ ಇತ್ತು. ನೂರು ಸಲ ಒಗೆದ ಹತ್ತಿ ಬಟ್ಟೆಯಷ್ಟು ಮೃದು ಬೇರೊಂದಿಲ್ಲ ಎಂದು ಬಾಣಂತನ ಮಾಡಿಸಿದ ಹೆಂಗಸರಿಗೆಲ್ಲ ತಿಳಿದಿತ್ತು. ಕೂಸು ಹೇಳಲಾರದು, ಅದರ ಚರ್ಮ ತಾಳಲಾರದು ಎಂಬ ಎಚ್ಚರ ಅದು. ಮಗು ನಡೆದಾಡತೊಡಗಿದ ಮೇಲೆ ಆ ಎಚ್ಚರ ಮರೆಯಾಗಿ ನೆಂಟರ ಕಣ್ಣು, ಫೋಟೋದ ಅಂದ ಮುಂದೆ ಬರುತ್ತವೆ.

ಇದೇ ಎಚ್ಚರವನ್ನು ನಾಲ್ಕು ವರ್ಷದ ಮಗುವಿಗೂ ಮುಂದುವರಿಸುವುದು ಕಷ್ಟವಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಎರಡು ಹತ್ತಿಯ ಲಂಗ ತಂದು, ಕಾಲರಿನ ಚೀಟಿ ಕತ್ತರಿಸಿ, ನಾಲ್ಕು ಸಲ ಒಗೆದು ಗಂಜಿ ಬಿಡಿಸಿ, ಮಗುವಿನ ಕೈಗೆ ಕೊಟ್ಟು ಆಡಲು ಬಿಡಬಹುದು. ಹಬ್ಬದ ಬೆಳಿಗ್ಗೆ ಎರಡನ್ನೂ ದೇವರ ಮುಂದಿಟ್ಟು ಅರಿಶಿನ ಹಚ್ಚಬಹುದು. ಮಗು ಯಾವುದರ ಕಡೆ ಕೈ ಚಾಚುತ್ತದೋ ಅದು ಆ ದಿನದ ಹೊಸ ಬಟ್ಟೆ. ಎರಡನ್ನೂ ಬಿಟ್ಟು ಹಳೆಯ ಫ್ರಾಕಿನತ್ತ ಕೈ ತೋರಿಸಿದರೆ ಅದರ ಅಂಚಿಗೇ ಒಂದಿಷ್ಟು ಅರಿಶಿನ ಹಚ್ಚಿ ತೊಡಿಸಿದರಾಯಿತು.